ಡಬಲ್ ಡೆಕ್ಕರ್ ಮಾದರಿ: ಬಾಡಿ ಕೂಡಿತು, ಕಿಟಕಿ ಕೈಕೊಟ್ಟಿತು

ನಾನು ಮಾಡುತ್ತಿರುವ ಪುಟ್ಟ ಬಸ್ಸಿನ ಕೆಳಗಿನ ಅಂತಸ್ತು ನಿಂತಿದೆ. 2023ರ ಸೆಪ್ಟೆಂಬರ್‌ನಲ್ಲಿ ಮುಂಬೈ ರಸ್ತೆ ಬಿಟ್ಟುಹೋಯಿತಲ್ಲ, ನಗರ ಸಾರಿಗೆ ಸಂಸ್ಥೆ ಬೆಸ್ಟ್‌ನ ಆ ಕೆಂಪು ಡೀಸೆಲ್ ಡಬಲ್ ಡೆಕ್ಕರ್ ಬಸ್ಸು, ಅದರ ಮಾದರಿ ಇದು. ಮೇಲೆ ಮುಂದಿನ ಸೀಟು ಸಿಗಲಿ ಅಂತ ಅಪ್ಪ ನನ್ನ ಕೈ ಹಿಡಿದು ಒಂದೆರಡು ಬಸ್ಸು ಬಿಟ್ಟೇಬಿಡುತ್ತಿದ್ದರು.

ಬಾಡಿ 1 ಮಿ.ಮೀ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಾಳೆ. ಕೂಡಿಸಲು ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಅನ್ನೋ ದ್ರಾವಕ ಬಳಸಿದೆ. ಇದು ಗೋಂದಲ್ಲ. ಎರಡೂ ಅಂಚುಗಳನ್ನು ಕರಗಿಸಿ ಬೆರೆಸಿ ತಾನು ಆರಿಹೋಗುತ್ತದೆ. ಹಾಗಾಗಿ ಸಂದಿ ಬಿಟ್ಟರೆ ತುಂಬುವುದಿಲ್ಲ, ಅಂಚು ಮೊದಲೇ ಸರಿಯಾಗಿ ಕೂರಬೇಕು. ಟೇಪ್ ಹಾಕಿ ಬಿಗಿ ಹಿಡಿದು, ತೆಳು ಬ್ರಶ್ಶಿನ ತುದಿಯನ್ನು ಮೂಲೆಗೆ ಸುಮ್ನೆ ತಾಗಿಸಿದೆ. ಒದ್ದೆ ಗೆರೆಯೊಂದು ಸಂದಿಯುದ್ದಕ್ಕೂ ತಾನೇ ಓಡಿತು! ಎಷ್ಟು ಸಲ ನೋಡಿದರೂ ಖುಷಿ. ಜಾಸ್ತಿ ಹಾಕಿದರೆ ಹಾಳೆ ಸೊಟ್ಟಗಾಗುತ್ತದೆ. ತುಂಡೊಂದರ ಮೇಲೆ ಅಸಿಟೋನ್ ಹಾಕಿ ನೋಡಿದೆ, ಅಂಚು ಮುದ್ದೆಯಾಯಿತು.

ಕಿಟಕಿಯ ಗಾಜಿಗೆ ಅಕ್ರಿಲಿಕ್, ಪಾರದರ್ಶಕ ಪ್ಲಾಸ್ಟಿಕ್. ಅದನ್ನು ಕೂಡಿಸಲು ಡೈಕ್ಲೋರೋಮೀಥೇನ್ ಅನ್ನೋ ಇನ್ನೊಂದು ದ್ರಾವಕ ತಂದೆ. ಮೊದಲ ಗಾಜಿನ ಅಂಚಿಗೇ ಬಿಳಿ ಮಂಜು ಕವಿಯಿತು. ಕುದಿಯುವ ಬಿಂದು ಸುಮಾರು 40 ಡಿಗ್ರಿ, ಅಷ್ಟು ಬೇಗ ಆರುವಾಗ ಜಾಗ ತಣ್ಣಗಾಗಿ ಜುಲೈ ಗಾಳಿಯ ನೀರು ಅಲ್ಲೇ ಕೂರುತ್ತದೆ. ಮಳೆ ಅಂತ ಬಾಲ್ಕನಿ ಬಾಗಿಲು ಬೇರೆ ಮುಚ್ಚಿದ್ದೆ. ಹತ್ತು ನಿಮಿಷಕ್ಕೆ ತಲೆ ಭಾರವಾಯಿತು. ಅಮ್ಮ ಒಳಗಿನಿಂದ, "ಏನೋ ಅದು ವಾಸನೆ? ಗ್ಯಾಸ್ ಹಚ್ಚಲಾ ಬೇಡ್ವಾ?" ಅಂದರು. ಬೇಡ ಅಂದೆ. ಇದರ ಆವಿ ಬೆಂಕಿಗೆ ಸಿಕ್ಕರೆ ಫಾಸ್ಜೀನ್‌ನಂಥ ವಿಷಾನಿಲ ಹುಟ್ಟುತ್ತದೆ. ಉಸಿರಲ್ಲಿ ಹೋದದ್ದು ಮೈಯೊಳಗೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ತೆಳು ನೈಟ್ರೈಲ್ ಗ್ಲೌಸನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದೇ ಇಲ್ಲ.

ಮುಂಬೈನ ಸಯನ್‌ನಲ್ಲಿ ಒಂದು ಕೋಣೆಯ ಮನೆ ನಮ್ಮದು. ಕೆಲಸದ ಮೇಜಿನಿಂದ ಅಡುಗೆ ಕಟ್ಟೆಗೆ ನಾಲ್ಕು ಹೆಜ್ಜೆ. ಇಲ್ಲಿಗೆ ಡೈಕ್ಲೋರೋಮೀಥೇನ್ ಬೇಡವೇ ಬೇಡ. ಬೋರ್ಡ್ ಮಾಡುವ ಪರಿಚಯದ ಅಂಗಡಿಗೆ ಬಾಟಲಿ ಕೊಟ್ಟುಬಂದೆ, ಮೋರಿಗೆ ಸುರಿಯಲಿಲ್ಲ.

ಈಗ ಪ್ರತಿ ಕಿಟಕಿಯ ಒಳಬದಿಗೆ ಪಾಲಿಸ್ಟೈರೀನ್ ಪಟ್ಟಿಯ ಜಾಡು ಕೂರಿಸುತ್ತಿದ್ದೇನೆ. ಅಕ್ರಿಲಿಕ್ಕನ್ನು ಮೇಲಿನಿಂದ ಜಾರಿಸಿದರೆ ಸಾಕು, ಅಂಟೇ ಬೇಡ. ಪಟ್ಟಿಗೆ ಮಾತ್ರ ಎಂಇಕೆ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಬಾಲ್ಕನಿಯಲ್ಲೇ, ಒಂದು ಸಲಕ್ಕೆ ಗಾಜಿನ ಬಾಟಲಿಯ ಮುಚ್ಚಳದಷ್ಟು, ಅಮ್ಮನ ಅಡುಗೆ ಮುಗಿದ ಮೇಲೆ. ಒಂಬತ್ತು ಕಿಟಕಿ ಆಗಿವೆ. ಮೇಲಿನ ಮುಂದಿನ ಗಾಜನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.