ಸೂರು ಎತ್ತಿದ್ದರಿಂದ ಕೆಟ್ಟ ಜಗಲಿ

ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ತೊಟ್ಟಿ ಮನೆಯ ದುರಸ್ತಿ ಕೆಲಸ ಹಿಡಿದಿದ್ದೆ. ಮನೆ ಪಡುವಣಕ್ಕೆ ಮುಖ. ಮುಂದೆ 6 ಅಡಿ ಅಗಲದ ಜಗಲಿ, ಅದರ ಮೇಲೆ ಇಳಿಬಿದ್ದ ಹೆಂಚಿನ ಸೂರು. ಸೂರಿನ ಅಂಚು ಜಗಲಿಯ ನೆಲದಿಂದ ಬರೀ 6 ಅಡಿ. ಯಜಮಾನರ ಮಗ ಎತ್ತರದ ಆಳು, ಊರಿಗೆ ಬಂದಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದರು. "ಸ್ವಲ್ಪ ಮೇಲೆತ್ತಿಬಿಡಿ ಸಾರ್" ಅಂದರು. ಸೂರು ಹೊತ್ತ ಮರದ ತೀರು, ರೀಪುಗಳಿಗೆ ಹೇಗೂ ಗೆದ್ದಲು ಹತ್ತಿತ್ತು. 9 ಅಡಿಗೆ ಎತ್ತಿಸಿದೆ. ನಿಜ ಹೇಳಬೇಕೆಂದರೆ ಆಸೆ ನನಗೂ ಇತ್ತು, ಫೋಟೋದಲ್ಲಿ ಮನೆ ಎದ್ದು ಕಾಣುತ್ತದಲ್ಲ. ಬಡಗಿ ಮಾತ್ರ "ಬಿಸ್ಲು ಬತ್ತದೆ ಸಾ" ಅಂದ. ಗಾಳಿಯೂ ಬರುತ್ತೆ ಬಿಡಪ್ಪ ಅಂದೆ.

ಮಾರ್ಚ್ ಕೊನೆಗೆ ಬಾಕಿ ಕೆಲಸ ನೋಡಲು ಹೋದರೆ ಜಗಲಿ ಖಾಲಿ. ಅಜ್ಜಿ ಹುಣಸೆಹಣ್ಣಿನ ಗುಡ್ಡೆ ಸಮೇತ ಒಳಗೆ ತೊಟ್ಟಿಯ ಪಕ್ಕ ಕೂತು ಬೀಜ ಬಿಡಿಸುತ್ತಿದ್ದರು. "ಮನೆ ಚೆಂದಾಗದೆ ಕಣಪ್ಪ. ಈಚೆ ಕೂರಕ್ಕಾಗಕಿಲ್ಲ, ಅಷ್ಟೆ."

ಹೊರಗೆ ಬಂದು ಗೋಡೆಗೊರಗಿ ಕೂತು ನೋಡಿದೆ. ನಾಲ್ಕು ಗಂಟೆ. ಬಿಸಿಲು ನೇರ ಕಣ್ಣಿಗೆ. ಟೇಪು ಹಿಡಿದರೆ ಗೋಡೆಯ ಮೇಲೆ 4.5 ಅಡಿ ಏರಿತ್ತು. ಆ ಸೀಮೆಯಲ್ಲಿ ಆ ಹೊತ್ತಿಗೆ ಸೂರ್ಯ ಸುಮಾರು 37 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೂರಿನಂಚು ದಾಟಿದ ಬಿಸಿಲು ಒಂದಡಿ ಒಳಗೆ ಬರುವಷ್ಟರಲ್ಲಿ ಮುಕ್ಕಾಲು ಅಡಿ ಕೆಳಗಿಳಿಯುತ್ತದೆ, 6 ಅಡಿಯ ಜಗಲಿ ದಾಟುವಷ್ಟರಲ್ಲಿ 4.5 ಅಡಿ. ಹಳೆಯ ಸೂರಿನಲ್ಲಾದರೆ ಅದೇ ಬಿಸಿಲು ಗೋಡೆಯ ಮೇಲೆ ಒಂದೂವರೆ ಅಡಿಗೇ ನಿಲ್ಲುತ್ತಿತ್ತು. ಅಂದರೆ ಕೂತವರ ಮಡಿಲಿಗೆ ಬಿಸಿಲು, ಮುಖಕ್ಕೆ ನೆರಳು. ನೆತ್ತಿಯ ಸೂರ್ಯನನ್ನು ಯಾವ ಸೂರಾದರೂ ತಡೆಯುತ್ತದೆ, ಪಡುವಣದ ಇಳಿಬಿಸಿಲಿಗೆ ತಗ್ಗಿದ ಸೂರೇ ಬೇಕು. ಹಣೆ ಬಡಿಯುತ್ತಿದ್ದದ್ದು ಸುಮ್ಮನೆ ಅಲ್ಲ.

ಬರೀ ಜಗಲಿ ಕೆಟ್ಟಿದ್ದರೆ ಆಗುತ್ತಿತ್ತು. ಒಂದೂವರೆ ಅಡಿ ದಪ್ಪದ ಆ ಮಣ್ಣಿನ ಗೋಡೆ ಸಂಜೆಯೆಲ್ಲ ಕುಡಿದ ಕಾವನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಅದರ ಹಿಂದೆಯೇ ಮಲಗುವ ಕೋಣೆ. ರಾತ್ರಿ ಯಾಕೆ ಸೆಕೆ ಅಂತ ಮನೆಯವರು ಫ್ಯಾನ್ ಬದಲಾಯಿಸಿದ್ದರು!

ನಕ್ಷೆಯಲ್ಲಿ ನಾನು ಜಗಲಿಯನ್ನು ಮನೆಯ ಮುಂದಿನ ಅಲಂಕಾರ ಅಂತಲೇ ಬರೆದಿದ್ದೆ. ಹೊಲದಿಂದ ಬಂದವರು ತಲೆಹೊರೆ ಇಳಿಸಿ, ಮೈ ಆರುವ ತನಕ ಕೂತು, ಕಣ್ಣು ನೆರಳಿಗೆ ಹೊಂದಿದ ಮೇಲೆ ಹೊಸ್ತಿಲು ದಾಟುವ ಜಾಗ ಅದು. (ಜಗಲಿಯಾಚೆ ಕರೆಯಿಸಿಕೊಳ್ಳದೆ ಅಲ್ಲಿಂದಲೇ ಹಿಂದಿರುಗಿದವರೂ ಇದ್ದರು, ಹಳೆಯದನ್ನು ಹೊಗಳುವಾಗ ಅದನ್ನು ಮರೆಯಬಾರದು.)

ಮಾಡನ್ನು ಮತ್ತೆ ಬಿಚ್ಚುವಂತಿರಲಿಲ್ಲ. ಮರದ ತೋಳು ಕೊಟ್ಟು, ಅದೇ ಇಳಿಜಾರಿನಲ್ಲಿ ಸೂರನ್ನು ಎರಡೂವರೆ ಅಡಿ ಮುಂದಕ್ಕೆ ಚಾಚಿಸಿದೆ. ಅಂಚು ಏಳೂವರೆ ಅಡಿಗೆ ಇಳಿಯಿತು. ಹಣೆಗೆ ತಾಗುವುದಿಲ್ಲ, ನಾಲ್ಕರ ಬಿಸಿಲು ಗೋಡೆಯಲ್ಲಿ ಒಂದಡಿ ಚಿಲ್ಲರೆಗೆ ನಿಲ್ಲುತ್ತದೆ. ಖರ್ಚು ನನ್ನ ಫೀಸಿನಲ್ಲಿ ಮುರಿದುಕೊಂಡೆ. ಬಡಗಿ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಐದೂವರೆಯ ಬಿಸಿಲಿಗೆ ಇದೂ ಸಾಲದು. ಅದಕ್ಕೆ ಅಜ್ಜಿ ಕಂಬದಿಂದ ಕಂಬಕ್ಕೆ ಗೋಣಿತಾಟು ಕಟ್ಟಿಕೊಂಡಿದ್ದಾರೆ.