ಎರಡು ಕಾನೂನುಗಳ ವರ್ಷ

ಡಿಸೆಂಬರ್ 31ರ ರಾತ್ರಿ ಊರೆಲ್ಲ ಕೇಕ್ ಕತ್ತರಿಸುವ ಹೊತ್ತಿನಲ್ಲಿ ಆಡಿಟರುಗಳ ಕಚೇರಿಯಲ್ಲಿ ಇನ್ನೂ ದೀಪ ಉರಿಯುತ್ತಿರುತ್ತದೆ. ತಡವಾದ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದಕ್ಕೂ, ಜಿಎಸ್‌ಟಿಯ ವಾರ್ಷಿಕ ರಿಟರ್ನಿಗೂ ಅದೇ ಕಡೆಯ ದಿನ. ಹೀಗಾಗಿ ಜನವರಿ 1 ನನ್ನ ಪಾಲಿಗೆ ನಿದ್ದೆಯ ಬಾಕಿ ತೀರಿಸುವ ದಿನವಾಗಿಯೇ ಉಳಿದಿದೆ.

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಯವರಿಗೆ ವರ್ಷ ಆರಂಭವಾಗುತ್ತಿದ್ದುದು ದೀಪಾವಳಿಯಲ್ಲಿ, ಹೊಸ ಕಿರ್ದಿ, ಖಾತೆ ಪುಸ್ತಕಗಳಿಗೆ ಅರಿಶಿನ ಕುಂಕುಮವಿಟ್ಟು ಪೂಜೆ ಮಾಡಿದ ಮೇಲೆ. ಆಗ ಕಾನೂನೂ ಅದನ್ನು ಒಪ್ಪುತ್ತಿತ್ತು. ವ್ಯಾಪಾರಿಯು ದೀಪಾವಳಿಗೆ ಲೆಕ್ಕ ಮುಗಿಸಿ ಆ ವರ್ಷದ ಆದಾಯವನ್ನೇ ತೋರಿಸಬಹುದಿತ್ತು. 1989-90ರ ಅಸೆಸ್‌ಮೆಂಟ್ ವರ್ಷದಿಂದ (ಆದಾಯ ಗಳಿಸಿದ ಮರುವರ್ಷ, ಅದರ ತೆರಿಗೆ ಲೆಕ್ಕ ಹಾಕುವ ವರ್ಷ) ಎಲ್ಲರಿಗೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದೇ ವರ್ಷ ಕಡ್ಡಾಯವಾಯಿತು. ಪೂಜೆ ಮಾತ್ರ ಇಂದಿಗೂ ದೀಪಾವಳಿಗೇ ನಡೆಯುತ್ತದೆ, ಪುಸ್ತಕದ ಜಾಗದಲ್ಲಿ ಕಂಪ್ಯೂಟರ್ ಇಟ್ಟಾದರೂ.

2026ರ ಆರಂಭವನ್ನು ನಾನು ಎಂದಿಗಿಂತ ಗಂಭೀರವಾಗಿ ತೆಗೆದುಕೊಂಡಿರುವುದಕ್ಕೆ ಕಾರಣವಿದೆ. ನಾನು ಓದಿ ಪರೀಕ್ಷೆ ಬರೆದ, ಇಷ್ಟು ವರ್ಷ ಅನ್ನ ಕೊಟ್ಟ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುತ್ತಿದೆ. ತಿದ್ದುಪಡಿಗಳಿಂದ ಉಬ್ಬಿ 819ಕ್ಕೆ ಏರಿದ್ದ ಸೆಕ್ಷನ್‌ಗಳು 536ಕ್ಕೆ ಇಳಿದಿವೆ. ಆದಾಯ ಗಳಿಸಿದ ‘ಹಿಂದಿನ ವರ್ಷ’, ಅಸೆಸ್‌ಮೆಂಟ್ ವರ್ಷ ಎಂಬ ಜೋಡಿ ಹೋಗಿ ತೆರಿಗೆ ವರ್ಷ ಎಂಬುದೊಂದೇ ಉಳಿಯಲಿದೆ. ಯಾವ ವರ್ಷದ ಆದಾಯಕ್ಕೆ ಯಾವ ವರ್ಷದ ಹೆಸರು ಎಂಬುದನ್ನು ಪ್ರತಿ ಜುಲೈನಲ್ಲಿಯೂ ಕಕ್ಷಿದಾರರಿಗೆ ಬಿಡಿಸಿ ಹೇಳಿ ಸೋತಿರುವ ನನಗೆ ಈ ಒಂದು ಬದಲಾವಣೆಯೇ ಸಾಕಷ್ಟು ಸಮಾಧಾನ ಕೊಟ್ಟಿದೆ.

ಕಷ್ಟವಿರುವುದು ನೆನಪಿನಲ್ಲಿ. ಉಳಿತಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ಸೆಕ್ಷನ್ 80ಸಿ ಎಂಬುದು ನಮ್ಮ ವೃತ್ತಿಯವರಷ್ಟೇ ಅಲ್ಲ, ಶಾಲೆಯ ಮೇಷ್ಟ್ರುಗಳೂ ಬ್ಯಾಂಕಿನವರೂ ಬಾಯಿಪಾಠ ಮಾಡಿಕೊಂಡಿದ್ದ ಸಂಖ್ಯೆ. ಅದು ಇನ್ನು 123. ತೆರಿಗೆ ಆಡಿಟ್‌ನ 44ಎಬಿ ಇನ್ನು 63. ಗುತ್ತಿಗೆಗೊಂದು, ಬಾಡಿಗೆಗೊಂದು, ಕಮಿಷನ್ನಿಗೊಂದು ಎಂದು ಹರಡಿಕೊಂಡಿದ್ದ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಸೆಕ್ಷನ್‌ಗಳಲ್ಲಿ ಸಂಬಳದ್ದನ್ನು ಬಿಟ್ಟರೆ ಹೆಚ್ಚಿನವು 393ರ ಕೋಷ್ಟಕಗಳೊಳಗೆ ಸೇರಿವೆ. ಹಳೆಯದನ್ನು ಮರೆಯುವ ಹಾಗೂ ಇಲ್ಲ. ಈ ಜುಲೈನಲ್ಲಿ ಸಲ್ಲಿಸುವ ರಿಟರ್ನು 2025-26ರ ಆದಾಯದ್ದಾದ್ದರಿಂದ ಅದಕ್ಕೆ ಹಳೆಯ ಕಾಯ್ದೆಯೇ ಅನ್ವಯವಾಗುತ್ತದೆ. ಅದೇ ಹೊತ್ತಿಗೆ ಕಡಿತ ಮಾಡುವ ಟಿಡಿಎಸ್‌ಗೆ ಹೊಸದು. ಎರಡೂ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟುಕೊಂಡೇ ಈ ವರ್ಷ ಕಳೆಯಬೇಕು. ನಿಜ ಹೇಳಬೇಕೆಂದರೆ, ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವುದು ನನಗೆ ಬೇಸರ ತಂದಿಲ್ಲ. ನಮ್ಮಲ್ಲಿ ಆರ್ಟಿಕಲ್‌ಶಿಪ್, ಅಂದರೆ ಆಡಿಟರಾಗುವ ಮೊದಲಿನ ತರಬೇತಿ, ಮಾಡುತ್ತಿರುವ ಹುಡುಗರೂ ನಾನೂ ಈ ಕಾನೂನಿನಲ್ಲಿ ಒಂದೇ ತರಗತಿಯವರು.

ಕಾಯ್ದೆಯ ಭಾಷೆ ಸರಳವಾದ ಮಾತ್ರಕ್ಕೆ ಅಂಗಡಿಯವನ ಪಾಡು ಸರಳವಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಕಳೆದ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ನಗದು ಮಾತ್ರ ಎಂಬ ಚೀಟಿ ಕಾಣಿಸಿಕೊಂಡಿತು. ಸರಕು ಮಾರುವವರು ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ತಾಜಾ ತರಕಾರಿ, ಬಿಡಿ ಹಾಲು ಮಾತ್ರ ಮಾರುವವರಿಗೆ ಆ ಗೊಡವೆಯೇ ಇಲ್ಲ. ಇಷ್ಟನ್ನು ಮೊದಲೇ ಯಾರಾದರೂ ಕನ್ನಡದಲ್ಲಿ ಕೂರಿಸಿ ಹೇಳಿದ್ದರೆ ಅರ್ಧದಷ್ಟು ಗಾಬರಿ ತಪ್ಪುತ್ತಿತ್ತು. ಫೀಸು ಕೊಡಬಲ್ಲವರ ಕಡತಗಳಲ್ಲೇ ಮುಳುಗಿರುವ ನಮ್ಮ ವೃತ್ತಿ ಆ ಕೆಲಸವನ್ನು ತನ್ನದೆಂದು ಭಾವಿಸಿಯೇ ಇರಲಿಲ್ಲ. ಆದ್ದರಿಂದ ಈ ವರ್ಷ ಶನಿವಾರದ ಮಧ್ಯಾಹ್ನಗಳನ್ನು ಬೇಕರಿ, ಕಿರಾಣಿ, ಟೈಲರ್ ಅಂಗಡಿಗಳವರಿಗಾಗಿ ಶುಲ್ಕವಿಲ್ಲದೆ ತೆಗೆದಿಡುವುದೆಂದು ನಿರ್ಧರಿಸಿದ್ದೇನೆ. ಸಹೋದ್ಯೋಗಿಯೊಬ್ಬರು ಇದು ಮಾರ್ಚ್ ಬರುವವರೆಗಿನ ಉತ್ಸಾಹ ಎಂದು ನಕ್ಕರು. ಅವರ ಅನುಮಾನದಲ್ಲಿ ಹುರುಳಿಲ್ಲವೆಂದು ಹೇಳಲಾರೆ.

ಮಾರ್ಚ್ ಎಂದಾಗ ಮನೆಯ ವಿಷಯ ಬರುತ್ತದೆ. ಮಗಳಿಗೆ ಈ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ, ಯುಗಾದಿ ಮಾರ್ಚ್ 19ಕ್ಕೆ, ಮುಂಗಡ ತೆರಿಗೆಯ ಕೊನೆಯ ಕಂತು 15ಕ್ಕೆ. ಪ್ರತಿ ವರ್ಷ ಈ ತಿಂಗಳಲ್ಲಿ ನಾನು ಮನೆಯಲ್ಲಿ ಊಟದ ತಟ್ಟೆಯ ಮುಂದೆ ಮಾತ್ರ ಸಿಗುತ್ತೇನೆ ಎಂಬುದು ಹೆಂಡತಿಯ ದೂರು. ಕಳೆದ ವರ್ಷವಂತೂ ರಿಟರ್ನಿನ ಗಡುವು ಜುಲೈ 31ರಿಂದ ಸೆಪ್ಟೆಂಬರ್ 16ಕ್ಕೆ, ಆಡಿಟ್ ವರದಿಯದು ಸೆಪ್ಟೆಂಬರ್ 30ರಿಂದ ನವೆಂಬರ್ 10ಕ್ಕೆ ಸರಿದು, ದೀಪಾವಳಿಯೂ ಕಡತಗಳ ನಡುವೆಯೇ ಕಳೆದುಹೋಯಿತು. ಗಡುವು ಮುಂದಕ್ಕೆ ಹೋದರೆ ಕೆಲಸ ಕಡಿಮೆಯಾಗುವುದಿಲ್ಲ, ಮುಂದಿನ ಕೆಲಸದ ಮೇಲೆ ಬಂದು ಬೀಳುತ್ತದೆ ಎಂಬುದನ್ನು ಕಕ್ಷಿದಾರರಿಗೆ ಒಪ್ಪಿಸುವುದು ಹೊಸ ಕಾಯ್ದೆ ಕಲಿಯುವುದಕ್ಕಿಂತ ಕಷ್ಟ. ಫೆಬ್ರವರಿ ಮುಗಿಯುವುದರೊಳಗೆ ಕಾಗದಪತ್ರ ತಂದುಕೊಡದವರ ಕೆಲಸವನ್ನು ಯುಗಾದಿಯ ನಂತರವೇ ಎತ್ತಿಕೊಳ್ಳುವುದಾಗಿ ಎಲ್ಲರಿಗೂ ಪತ್ರ ಬರೆದಿದ್ದೇನೆ. ಇಬ್ಬರು ಆಗಲೇ ಬೇರೆ ಆಡಿಟರನ್ನು ಹುಡುಕಿಕೊಂಡಿದ್ದಾರೆ.