ಮರಳು ಕುದಿಯುವ ಕೊಳವೆ: ನಾಲ್ಕನೇ ವಾರ

ಈ ವಾರ ಕಲ್ಲಿದ್ದಲು ತೇಲಿತು, ಕಲ್ಲು ಮುಳುಗಿತು! ಒಂದು ಹನಿ ನೀರಿಲ್ಲ. ಬರೀ ಮರಳು ಮತ್ತು ಗಾಳಿ.

ಹೊಸದಾಗಿ ಓದುವವರಿಗೆ: 15 ಸೆಂ.ಮೀ. ಅಗಲದ ಅಕ್ರಿಲಿಕ್ ಕೊಳವೆ, ತಳಕ್ಕೆ ಬಿಗಿಯಾಗಿ ಕಟ್ಟಿದ ಎರಡು ಪದರ ಜೀನ್ಸ್ ಬಟ್ಟೆ, ಅದರ ಮೇಲೆ 15 ಸೆಂ.ಮೀ. ಒಣ ಮರಳು. ಕೆಳಗಿನಿಂದ ಗಾಳಿ ಬಿಟ್ಟರೆ ಮರಳು ನೀರಿನ ಹಾಗೆ ಆಗುತ್ತದೆ, ಕೈ ಸಲೀಸಾಗಿ ಇಳಿಯುತ್ತದೆ. ಮೊರದಲ್ಲಿ ಕೇರುವಾಗ ಹಗುರವಾದದ್ದು ಹಾರಿಹೋಗುತ್ತದೆ, ಅಲ್ವಾ? ಇಲ್ಲಿ ಏನೂ ಹಾರುವುದಿಲ್ಲ. ಕುದಿಯುವ ಮರಳಿಗಿಂತ ಹಗುರವಾದದ್ದು ತೇಲುತ್ತದೆ, ಭಾರವಾದದ್ದು ಮುಳುಗುತ್ತದೆ. ಹೀಗೆ ಕಲ್ಲಿದ್ದಲಿನಿಂದ ಕಲ್ಲನ್ನು ನೀರಿಲ್ಲದೆ ಬೇರ್ಪಡಿಸುವುದೇ ನನ್ನ ಗುರಿ.

ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಜಾಸ್ತಿಯಾಗಿ ಮರಳು ಬುಗ್ಗೆಯಂತೆ ಚಿಮ್ಮುತ್ತಿತ್ತು. ಈಗ ಮೀನಿನ ಕೊಳದ ಏರ್ ಪಂಪ್ ಹಾಕಿದ್ದೇನೆ. ನಿಮಿಷಕ್ಕೆ 45 ಲೀಟರ್ ಸಾಕು.

ಬಟ್ಟೆಯ ಸ್ವಲ್ಪ ಮೇಲೆ ತೂತು ಕೊರೆದು, ಬಣ್ಣದ ನೀರು ತುಂಬಿದ ಯು ಆಕಾರದ ನಳಿಕೆ ಜೋಡಿಸಿದೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 21.5 ಸೆಂ.ಮೀ.ಗೆ ಏರಿ ಅಲ್ಲೇ ನಿಂತಿತು. ಅದನ್ನು ಮರಳಿನ ಎತ್ತರ 15ರಿಂದ ಭಾಗಿಸಿದರೆ 1.43. ನೀರಿನದು 1 ಅಂತ ಇಟ್ಟರೆ, ಅದೇ ಕುದಿಯುವ ಮರಳಿನ ಸಾಂದ್ರತೆ! ಇಷ್ಟು ಸರಳವಾದ ಅಳತೆ ನನಗೆ ತುಂಬಾ ಖುಷಿ ಕೊಟ್ಟಿತು.

ಆದರೆ 1.43 ಸಾಲದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, 30ರಿಂದ 45 ಪರ್ಸೆಂಟ್. ಒಳ್ಳೆಯ ಚೂರುಗಳೂ ಸ್ವಲ್ಪ ಭಾರವೇ. ಅದಕ್ಕೆ ಹಳ್ಳದ ಮರಳಿನಲ್ಲಿ ಅಯಸ್ಕಾಂತ ಆಡಿಸಿ ಕಪ್ಪು ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ಸಂಗ್ರಹಿಸಿದೆ. ಎರಡನ್ನೂ ಒಂದೇ ಜರಡಿಯಲ್ಲಿ ಹಿಡಿದು ಬೆರೆಸಿದೆ. ಐದೇ ನಿಮಿಷದಲ್ಲಿ ಕಪ್ಪೆಲ್ಲ ತಳಕ್ಕೆ ಇಳಿಯಿತು. ಮೇಲೆ ಬರೀ ಮರಳು.

ಎರಡು ಸಂಜೆ ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಕಾಳು ಅಲುಗಾಡಲು ಬೇಕಾದ ಗಾಳಿಯ ವೇಗ ಅದರ ಸಾಂದ್ರತೆಗೆ ತಕ್ಕಂತೆ ಏರುತ್ತದೆ, ಗಾತ್ರದ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ಮ್ಯಾಗ್ನೆಟೈಟ್ ಮರಳಿನ ಎರಡು ಪಟ್ಟು ಭಾರ. ಹಾಗಾಗಿ ಅದರ ಕಾಳು ಮರಳಿನ ಕಾಳಿನ ಸುಮಾರು 0.7ರಷ್ಟೇ ಇರಬೇಕು. ಮರಳನ್ನು 60 ಮತ್ತು 80 ಮೆಶ್ (ಅಂಕಿ ಹೆಚ್ಚಿದಷ್ಟೂ ಜರಡಿಯ ತೂತು ಸಣ್ಣದು) ನಡುವೆ, ಮ್ಯಾಗ್ನೆಟೈಟನ್ನು 80 ಮತ್ತು 120ರ ನಡುವೆ ಜರಡಿ ಹಿಡಿದೆ. ಎರಡನ್ನೂ ಬಾಣಲೆಯಲ್ಲಿ ಚೆನ್ನಾಗಿ ಹುರಿದೆ, ತೇವವಿದ್ದರೆ ಅಂಟಿಕೊಳ್ಳುತ್ತದೆ. ಈ ಸಲ ಅರ್ಧ ಗಂಟೆಯಾದರೂ ಬಣ್ಣ ಒಂದೇ ತರಹ ಇತ್ತು. ನಳಿಕೆ 25.5 ತೋರಿಸಿತು, ಅಂದರೆ 1.7.

ಕುಲುಮೆಯಿಂದ ತಂದ 40 ಚೂರುಗಳನ್ನು ಮೊದಲೇ ನೀರಿನಲ್ಲಿ ತೂಗಿ ಸಾಂದ್ರತೆ ಬರೆದಿಟ್ಟು, ಎರಡು ದಿನ ಬಿಸಿಲಿಗೆ ಒಣಗಿಸಿದ್ದೆ. 34 ಸರಿಯಾದ ಕಡೆ ಹೋದವು. ತಪ್ಪಿದ ಆರೂ 1.6ರಿಂದ 1.8ರ ಒಳಗಿನವು. ಸಣ್ಣ ಪುಡಿ ಮಾತ್ರ ಮರಳಿನ ಜೊತೆ ಸುಮ್ನೆ ಸುತ್ತುತ್ತದೆ. ಚೀನಾದಲ್ಲಿ 1994ರಲ್ಲಿ ಶುರುವಾದ, ಗಂಟೆಗೆ 50 ಟನ್‌ನ ಇಂಥದೇ ಘಟಕ 6ರಿಂದ 50 ಮಿ.ಮೀ. ಚೂರುಗಳನ್ನಷ್ಟೇ ತೆಗೆದುಕೊಳ್ಳುತ್ತಿದ್ದದ್ದು ಯಾಕೆ ಅಂತ ಈಗ ಕಣ್ಣಾರೆ ಕಂಡೆ.

ಮುಂದಿನ ವಾರ ಬಟ್ಟೆಗೆ ಮೂರನೇ ಪದರ ಹಾಕುತ್ತೇನೆ. ಒಂದು ಮೂಲೆಯಲ್ಲಿ ಗುಳ್ಳೆಗಳು ಇನ್ನೂ ದೊಡ್ಡದಾಗಿ ಬರುತ್ತಿವೆ.